ರಾಜಧಾನಿಗಿಂತ ಹಿರಿಯ ಉಪನಗರ: ಬ್ರಸೀಲಿಯಾದ ನಕ್ಷೆ ಮತ್ತು ವಲಸೆ ಕಾರ್ಮಿಕರು (1956–1971)

ಬ್ರೆಜಿಲ್‌ನ ರಾಜಧಾನಿ ಬ್ರಸೀಲಿಯಾ ಕುರಿತ ಬರಹಗಳಲ್ಲಿ ಎರಡು ಹೆಸರು ತಪ್ಪದೆ ಬರುತ್ತವೆ: ನಗರದ ನಕ್ಷೆ ಬರೆದ ಲೂಸಿಯೊ ಕೋಸ್ಟಾ, ಅದರ ಪ್ರಮುಖ ಕಟ್ಟಡಗಳ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್. ಸುತ್ತಲಿನ ಉಪನಗರಗಳನ್ನು ಮಾತ್ರ ನಗರ ತುಂಬಿದ ಮೇಲೆ ಹುಟ್ಟಿಕೊಂಡ ಬಡಾವಣೆಗಳೆಂದು ಭಾವಿಸುವುದುಂಟು. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಉಪನಗರ ಟಾಗ್ವಾಟಿಂಗಾ ಹುಟ್ಟಿದ್ದು 1958ರ ಜೂನ್‌ನಲ್ಲಿ. ರಾಜಧಾನಿ ಉದ್ಘಾಟನೆಯಾದದ್ದು 1960ರ ಏಪ್ರಿಲ್ 21ರಂದು. ಆ ಉಪನಗರ ಕಾರ್ಮಿಕರು ಹಟ ಹಿಡಿದು ಪಡೆದ ನೆಲೆ ಎಂಬುದು ಈ ಲೇಖನದ ವಾದ.

1956ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಜುಸೆಲಿನೊ ಕುಬಿಶೆಕ್, ತಮ್ಮ ಐದು ವರ್ಷದ ಅವಧಿಯೊಳಗೇ ಒಳನಾಡಿನ ಪ್ರಸ್ಥಭೂಮಿಯಲ್ಲಿ ರಾಜಧಾನಿ ಎಬ್ಬಿಸಲು ಹೊರಟರು. ನಿರ್ಮಾಣದ ಹೊಣೆಗೆಂದು ಅದೇ ವರ್ಷ ನೊವಾಕ್ಯಾಪ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. 1957ರ ಸ್ಪರ್ಧೆಯಲ್ಲಿ ಕೋಸ್ಟಾರ ನಕ್ಷೆ ಗೆದ್ದಿತು. ಕೆಲಸಕ್ಕೆ ಜನ ಬಂದದ್ದು ಗೊಯಾಸ್, ಮಿನಾಸ್ ಜೆರೈಸ್ ಮತ್ತು ಬರಪೀಡಿತ ಈಶಾನ್ಯ ರಾಜ್ಯಗಳಿಂದ. ಬಹಳ ಮಂದಿ ಲಾರಿಗಳಲ್ಲಿ ಒತ್ತೊತ್ತಾಗಿ ಕೂತು ಬಂದರು. ಕಂದಾಂಗೊ ಎಂದು ಹೆಸರಾದವರು ಇವರೇ. 1959ರ ಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ ಸುಮಾರು 64,000ಕ್ಕೆ ಮುಟ್ಟಿತ್ತು.

ಬೇರೆಬೇರೆ ವರ್ಗದವರು ಅಕ್ಕಪಕ್ಕ ಬಾಳಬೇಕೆಂಬುದು ಕೋಸ್ಟಾರ ಆಶಯವಾಗಿತ್ತು. ಆದರೆ ಹೊಸ ಮನೆಗಳು ಮೊದಲು ಹಂಚಿಕೆಯಾದದ್ದು ಸರ್ಕಾರಿ ನೌಕರರಿಗೆ. ಕಟ್ಟುವವರ ಪಾಲಿಗೆ ಇದ್ದವು ಗುತ್ತಿಗೆ ಕಂಪನಿಗಳ ಶಿಬಿರಗಳು, ಜೊತೆಗೆ 'ಸಿದಾಜಿ ಲಿವ್ರೆ' ಎಂಬ ಮರದ ಮನೆಗಳ ಪೇಟೆ. ಉದ್ಘಾಟನೆಯಾದ ಮೇಲೆ ಆ ಪೇಟೆಯನ್ನು ಕೆಡವಬೇಕು, ಕಾರ್ಮಿಕರು ತಮ್ಮ ಊರಿಗೆ ಮರಳಬೇಕು ಎಂಬುದು ಅಧಿಕಾರಿಗಳ ಎಣಿಕೆ.

ಈ ಎಣಿಕೆಯನ್ನು ಮುರಿದದ್ದು 1958ರ ಬರ. ಈಶಾನ್ಯದಿಂದ ಗುಳೆ ಬಂದ ಕುಟುಂಬಗಳು ಸಿದಾಜಿ ಲಿವ್ರೆಯ ಬಳಿ ಗುಡಿಸಲು ಹಾಕಿ, ತೆರವಿನಿಂದ ರಕ್ಷಣೆ ಸಿಕ್ಕೀತೆಂದು ಆ ಕೇರಿಗೆ ಅಧ್ಯಕ್ಷರ ಪತ್ನಿ ಸಾರಾ ಕುಬಿಶೆಕ್ ಹೆಸರಿಟ್ಟರು. ಪ್ರತಿಭಟನೆಗೆ ಮಣಿದ ನೊವಾಕ್ಯಾಪ್, ನಗರದಿಂದ ಸುಮಾರು 25 ಕಿ.ಮೀ. ಆಚೆಯ ಟಾಗ್ವಾಟಿಂಗಾದಲ್ಲಿ ನಿವೇಶನ ಕೊಟ್ಟಿತು. ಸಿದಾಜಿ ಲಿವ್ರೆಯ ನಿವಾಸಿಗಳೂ ಹೋರಾಡಿ, 1961ರಲ್ಲಿ ಕಾನೂನಿನ ಮೂಲಕ ತಮ್ಮ ಊರನ್ನು ಉಳಿಸಿಕೊಂಡರು. ರಾಜಧಾನಿ ಕಟ್ಟುವುದಕ್ಕೆ ಕೆಲವರು ತೆತ್ತ ಬೆಲೆ ದೊಡ್ಡದು. 1959ರಲ್ಲಿ ಪಾಶೆಕೊ ಫೆರ್ನಾಂದಿಸ್ ಕಂಪನಿಯ ಶಿಬಿರದಲ್ಲಿ ಊಟದ ವಿಷಯಕ್ಕೆ ಎದ್ದ ಜಗಳದ ಬಳಿಕ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ವಿಲಾ ಅಮೌರಿ ಎಂಬ ಕಾರ್ಮಿಕರ ಕೇರಿ ಪರನೋವ ಕೃತಕ ಸರೋವರದಲ್ಲಿ ಮುಳುಗಿತು.

ಹೀಗೆ ಜನ ಒತ್ತಾಯಿಸಿ ಪಡೆದ ಉಪನಗರವೇ ಮುಂದೆ ಸರ್ಕಾರದ ಕೈಯಲ್ಲಿ ತೆರವಿನ ಸಾಧನವಾಯಿತು. 1971ರಲ್ಲಿ ಮಿಲಿಟರಿ ಆಡಳಿತ 'ಅತಿಕ್ರಮಣ ನಿರ್ಮೂಲನೆ'ಯ ಹೆಸರಿನಲ್ಲಿ ಸುಮಾರು 80,000 ಜನರನ್ನು ಸೆಯ್ಲಾಂಡಿಯಾ ಎಂಬ ಹೊಸ ಉಪನಗರಕ್ಕೆ ಸಾಗಿಸಿತು. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಕೋಸ್ಟಾರ ನಕ್ಷೆಯ ನಗರ. ಕಾರ್ಮಿಕರ ಊರುಗಳು ಆ ಗೌರವದ ಹೊರಗುಳಿದವು.

ಆದ್ದರಿಂದ ಬ್ರಸೀಲಿಯಾದ ಇಂದಿನ ವಿಸ್ತಾರಕ್ಕೆ ಕೋಸ್ಟಾರ ರೇಖೆಗಳಷ್ಟೇ ಕಂದಾಂಗೊಗಳ ಬೇಡಿಕೆಗಳೂ ಕಾರಣ. ಹೊಸ ನಗರಗಳ ಚರಿತ್ರೆ ಬರೆಯುವವರು ವಾಸ್ತುಶಿಲ್ಪಿಯ ಕಡತದ ಜೊತೆಗೆ ನಿವೇಶನ ಹಂಚಿಕೆಯ ಮತ್ತು ತೆರವಿನ ಕಡತಗಳನ್ನೂ ಓದಬೇಕು. ನಗರ ಯಾರನ್ನು ತನ್ನವರೆಂದು ಎಣಿಸಿತು ಎಂಬುದಕ್ಕೆ ನೇರ ಸಾಕ್ಷ್ಯ ಅಲ್ಲಿದೆ.