ಪ್ಯಾಂಚೋ ಗೊನ್ಸಾಲೆಸನ ವನವಾಸ

ಟೆನಿಸ್ ಆಡಿಯೇ ಹೊಟ್ಟೆ ಹೊರೆಯುತ್ತೇನೆಂದು ಬಹಿರಂಗವಾಗಿ ಒಪ್ಪಿಕೊಂಡವನಿಗೆ 1968ಕ್ಕೆ ಮೊದಲು ವಿಂಬಲ್ಡನ್, ಪ್ಯಾರಿಸ್, ಫಾರೆಸ್ಟ್ ಹಿಲ್ಸ್‌ಗಳ ಮಹಾಸ್ಪರ್ಧೆಗಳಲ್ಲಿ ಪ್ರವೇಶವಿರಲಿಲ್ಲ. ಅವೆಲ್ಲ ಹವ್ಯಾಸಿಗಳಿಗೆ ಮೀಸಲಾಗಿದ್ದುವು. ಹಾಗೆಂದು ಹವ್ಯಾಸಿಗಳೆಲ್ಲರೂ ಬರಿಗೈಯಲ್ಲಿ ಆಡುತ್ತಿದ್ದರೆಂದಲ್ಲ. ಪ್ರಯಾಣವೆಚ್ಚದ ನೆಪದಲ್ಲಿ ಅನೇಕರ ಕೈಗೆ ಹಣವು ಗುಟ್ಟಾಗಿ ಸೇರುತ್ತಿದ್ದುದು ಅಧಿಕಾರಸ್ಥರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಮರೆಯಲ್ಲಿ ಪಡೆದವನು ಸಂಭಾವಿತನೆನಿಸಿ, ನಾಲ್ವರೆದುರು ಕೇಳಿ ಪಡೆದವನು ಬಹಿಷ್ಕೃತನಾಗುತ್ತಿದ್ದ ಈ ಅನ್ಯಾಯಕ್ಕೆ ಈಡಾದವರಲ್ಲಿ, ನನ್ನ ಮತದಲ್ಲಿ, ಅತಿ ದೊಡ್ಡ ಆಟಗಾರನೆಂದರೆ ಜನರು ಪ್ಯಾಂಚೋ ಎಂದು ಕರೆದ ರಿಚರ್ಡ್ ಗೊನ್ಸಾಲೆಸ್.

ಮೆಕ್ಸಿಕೋದಿಂದ ವಲಸೆ ಬಂದ ಬಡ ದಂಪತಿಗಳ ಮಗನಾಗಿ 1928ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈತನಿಗೆ, ತಾಯಿಯು 51 ಸೆಂಟುಗಳಿಗೆ ಕೊಂಡುಕೊಟ್ಟ ರಾಕೆಟ್ಟೇ ಮೊದಲ ಗುರುವಾಯಿತು. ಶಾಲೆಗೆ ಚಕ್ಕರ್ ಹಾಕಿದನೆಂಬ ಕಾರಣದಿಂದ ಅಲ್ಲಿಯ ಟೆನಿಸ್ ಸಂಘವು ಕಿರಿಯರ ಸ್ಪರ್ಧೆಗಳಿಂದ ಅವನನ್ನು ಹೊರಗಿಟ್ಟಿತು. ಆದರೂ ಆತ 1948ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದನು. ಮರುವರ್ಷದ ಅಂತಿಮ ಪಂದ್ಯದಲ್ಲಿ ಟೆಡ್ ಶ್ರೋಡರನಿಗೆ 16–18, 2–6ರಿಂದ ಮೊದಲೆರಡು ಸೆಟ್ಟುಗಳನ್ನು ಒಪ್ಪಿಸಿದ ಮೇಲೂ ಧೃತಿಗೆಡದೆ ಉಳಿದ ಮೂರನ್ನೂ ತನ್ನದಾಗಿಸಿಕೊಂಡನು.

ಗೃಹಸ್ಥನಾದ ಅವನಿಗೆ ಹಣ ಬೇಕಾಗಿದ್ದಿತು. ಆಗಿನ್ನೂ ಇಪ್ಪತ್ತೊಂದರ ಹರೆಯದಲ್ಲಿದ್ದ ಆತ ವೃತ್ತಿಪರನಾಗಿ, ಜ್ಯಾಕ್ ಕ್ರೇಮರನೊಡನೆ ಊರೂರು ಅಲೆಯುತ್ತ ಆಡಿದ 123 ಪಂದ್ಯಗಳಲ್ಲಿ 96ನ್ನು ಸೋತನು. ಸೋತ ವೃತ್ತಿಪರನಿಗೆ ಹಿಂದಿರುಗುವ ದಾರಿಯೇ ಇರಲಿಲ್ಲ. ಹವ್ಯಾಸಿಗಳ ಬಾಗಿಲು ಮುಚ್ಚಿದ್ದಿತು, ಪ್ರವಾಸದ ಯಜಮಾನರಿಗೆ ಸೋತವನು ಬೇಕಿರಲಿಲ್ಲ. ಲಾಸ್ ಏಂಜಲೀಸ್‌ನ ಉದ್ಯಾನವೊಂದರಲ್ಲಿ ಟೆನಿಸ್ ಸಾಮಗ್ರಿಗಳ ಅಂಗಡಿಯನ್ನು ನಡೆಸುತ್ತ ಆತ ಕೆಲವು ವರ್ಷಗಳನ್ನು ಕಳೆಯಬೇಕಾಯಿತು.

ಆ ಪ್ರವಾಸಗಳ ರೀತಿಯನ್ನು ಇಲ್ಲಿ ತುಸು ವಿವರಿಸಬೇಕು. ಕ್ಯಾನ್ವಾಸಿನ ಅಂಕಣವೊಂದನ್ನು ಸುರುಳಿ ಸುತ್ತಿ ಲಾರಿಯಲ್ಲಿ ಹೊತ್ತೊಯ್ದು, ಇಂದು ವ್ಯಾಯಾಮಶಾಲೆಯ ಮರದ ನೆಲದ ಮೇಲೆ, ನಾಳೆ ಹಿಮಜಾರಾಟದ ಮಂಜುಗಡ್ಡೆಯ ಮೇಲೆ ಹಾಸಿ, ಎಳೆದು ಬಿಗಿದು, ರಾತ್ರಿಯ ದೀಪಗಳಡಿಯಲ್ಲಿ ಆಡಿ, ಆಟ ಮುಗಿದೊಡನೆ ಮತ್ತೆ ಸುತ್ತಿ ಮುಂದಿನ ಊರಿಗೆ ಹೊರಡುವುದು—ನಮ್ಮ ಡೇರೆಯ ನಾಟಕ ಕಂಪನಿಗಳ ಬಾಳ್ವೆಯೇ ಸರಿ. ಪ್ರಸಿದ್ಧ ಹವ್ಯಾಸಿಯನ್ನು ದೊಡ್ಡ ಮೊತ್ತದ ಭರವಸೆಯಿತ್ತು ಕರೆತಂದು ವೃತ್ತಿಪರರ ವೀರನೆದುರು ನಿಲ್ಲಿಸುವುದು ಅದರ ವ್ಯಾಪಾರತಂತ್ರವಾಗಿದ್ದಿತು. 1954ರಿಂದ ಆ ವೀರನು ಗೊನ್ಸಾಲೆಸನೇ. ಟೋನಿ ಟ್ರಾಬರ್ಟನನ್ನು 74–27ರಿಂದ, ಕೆನ್ ರೋಸ್ವಾಲನನ್ನು 50–26ರಿಂದ, ಲ್ಯೂ ಹೋಡನನ್ನು 51–36ರಿಂದ ಆತ ಸಾಲಾಗಿ ಸೋಲಿಸಿದನು. ಆದರೂ ಹೊಸಬನಿಗೆ ಸಲ್ಲುತ್ತಿದ್ದ ಹಣದ ಮುಂದೆ ಗೆದ್ದವನ ಪಾಲು ಅಲ್ಪವಾಗಿರುತ್ತಿದ್ದಿತು. ಅವನ ಸಿಡುಕನ್ನು ಬರೆದವರು ಬಹಳ. ಆ ಸಿಡುಕಿಗೆ ಆಹಾರವಾದ ಈ ಲೆಕ್ಕವನ್ನೂ ನಾವು ಎಣಿಕೆಗೆ ತೆಗೆದುಕೊಳ್ಳುವುದು ನ್ಯಾಯ. ಜಗತ್ತಿನ ಶ್ರೇಷ್ಠ ಆಟಗಾರನೆಂದು ಸಹವೃತ್ತಿಗಳೇ ಮನ್ನಿಸಿದ ಆತನ ಹೆಸರಿನಲ್ಲಿ ಮಹಾಸ್ಪರ್ಧೆಗಳ ಸಿಂಗಲ್ಸ್ ಪ್ರಶಸ್ತಿಗಳು ಇಂದಿಗೂ ಎರಡೇ ಎರಡು.

1968ರಲ್ಲಿ ಬಾಗಿಲು ತೆರೆದಾಗ ಆತನಿಗೆ ನಲವತ್ತು ತುಂಬುತ್ತಿದ್ದಿತು. ಮರುವರ್ಷ ವಿಂಬಲ್ಡನ್ನಿನಲ್ಲಿ ತನಗಿಂತ ಎಷ್ಟೋ ಕಿರಿಯನಾದ ಚಾರ್ಲಿ ಪಸರೆಲ್‌ನೆದುರು ಮೊದಲ ಸೆಟ್ಟನ್ನು 22–24ರಿಂದ ಸೋತು, ಕತ್ತಲಾಯಿತೆಂದು ಆಟ ನಿಲ್ಲಿಸಲು ಕೋರಿ, ಕೋರಿಕೆ ನಡೆಯದೆ ಎರಡನೆಯದನ್ನೂ 1–6ರಿಂದ ಕಳೆದುಕೊಂಡು, ಕೋಪದಿಂದ ರಾಕೆಟ್ಟನ್ನೆಸೆದು, ಪ್ರೇಕ್ಷಕರ ಧಿಕ್ಕಾರದ ನಡುವೆ ನಿರ್ಗಮಿಸಿದನು. ಮರುದಿನ ಬಂದು 16–14, 6–3ರಿಂದ ಸಮಮಾಡಿ, ಐದನೆಯ ಸೆಟ್ಟಿನಲ್ಲಿ ಎರಡು ಬಾರಿ 0–40ರ ಸಂಕಟದಿಂದ ಪಾರಾಗಿ, ಒಟ್ಟು ಏಳು ಮ್ಯಾಚ್ ಪಾಯಿಂಟುಗಳನ್ನು ತಪ್ಪಿಸಿಕೊಂಡು 11–9ರಿಂದ ಗೆದ್ದನು. 112 ಗೇಮುಗಳು, 5 ಗಂಟೆ 12 ನಿಮಿಷ. ಮುಂದಿನ ಜನವರಿಯಲ್ಲಿ, ಹಿಂದಿನ ವರ್ಷ ನಾಲ್ಕೂ ಮಹಾಸ್ಪರ್ಧೆಗಳನ್ನು ಗೆದ್ದಿದ್ದ ರಾಡ್ ಲೇವರನನ್ನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಐದು ಸೆಟ್ಟುಗಳಲ್ಲಿ ಸೋಲಿಸಿ, 10,000 ಡಾಲರುಗಳ ಬಹುಮಾನವನ್ನು ಸಾವಿರಾರು ಜನರೆದುರಿನಲ್ಲಿ ಪಡೆದನು.