ಕೈಪಿರಿನ್ಯಾ: ಒಂದು ಹೆಸರಿನ ಚರಿತ್ರೆ

ಬ್ರೆಜಿಲ್‌ನ ಪ್ರಸಿದ್ಧ ಪಾನೀಯವಾದ ಕೈಪಿರಿನ್ಯಾದಲ್ಲಿ ಇರುವುದು ನಾಲ್ಕೇ ವಸ್ತುಗಳು: ಕಬ್ಬಿನ ಹಾಲನ್ನು ಹುದುಗಿಸಿ ಭಟ್ಟಿ ಇಳಿಸಿದ ‘ಕಶಾಸಾ’ ಎಂಬ ಮದ್ಯ, ನಿಂಬೆ, ಸಕ್ಕರೆ, ಮಂಜುಗಡ್ಡೆ. ಆದರೆ ಹೆಸರಿನಲ್ಲಿ ಇವುಗಳ ಸುಳಿವೇ ಇಲ್ಲ. ಅದು ನಿರ್ದೇಶಿಸುವುದು ಒಂದು ಜನವರ್ಗವನ್ನು.

‘ಕೈಪಿರಾ’ ಎಂದರೆ ಸಾವೊ ಪೌಲೊ ಮತ್ತು ಅದರ ನೆರೆಯ ಒಳನಾಡಿನ ಹಳ್ಳಿಗ. ‘ಇನ್ಯಾ’ ಪೋರ್ಚುಗೀಸಿನ ಅಲ್ಪಾರ್ಥಕ ಪ್ರತ್ಯಯ. ಕಿರಿದನ್ನೂ ಸೂಚಿಸುತ್ತದೆ, ಅಕ್ಕರೆಯನ್ನೂ ಸೂಚಿಸುತ್ತದೆ. ಹಾಗಾಗಿ ಪಾನೀಯದ ಹೆಸರು ‘ಪುಟ್ಟ ಹಳ್ಳಿಗಿತ್ತಿ’ ಎಂಬರ್ಥಕ್ಕೆ ಸಮೀಪವಾದುದು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಕಶಾಸಾ, ನಿಂಬೆ, ಜೇನು, ಬೆಳ್ಳುಳ್ಳಿ ಬೆರೆಸಿ ಕುಡಿದ ಮನೆಮದ್ದೇ ಇದರ ಮೂಲವೆಂಬುದು ಜನಜನಿತ ಕಥೆ. ಅದು ಪಾನೀಯದ ಹುಟ್ಟನ್ನು ಹೇಳಹೊರಟಿದೆ, ಹೆಸರನ್ನು ವಿವರಿಸುವುದಿಲ್ಲ.

‘ಕೈಪಿರಾ’ ಪದವನ್ನು ವಿದ್ವಾಂಸರು ಸಾಮಾನ್ಯವಾಗಿ ತುಪಿ ಭಾಷೆಗೆ ಒಯ್ಯುತ್ತಾರೆ. ತುಪಿಯಲ್ಲಿ ‘ಕಆ’ ಎಂದರೆ ಕಾಡು. ಉತ್ತರಾರ್ಧದ ಬಗ್ಗೆ ಒಮ್ಮತವಿಲ್ಲ. ‘ಕಾಡು ಕಡಿಯುವವನು’ ಎಂಬುದು ಹಲವು ವಿವರಣೆಗಳಲ್ಲಿ ಒಂದು. ನಮ್ಮ ‘ಕಾಡು’ ಶಬ್ದದೊಡನೆ ಕಾಣುವ ಸಾಮ್ಯ ಕೇವಲ ಆಕಸ್ಮಿಕ. ನಿಜವಾದ ನಂಟು ಇರುವುದು ಲೋಟದೊಳಗಿನ ಸಕ್ಕರೆಯಲ್ಲಿ: ಪೋರ್ಚುಗೀಸಿನ ‘ಅಸೂಕರ್’ ಅರಬ್ಬಿಯ ‘ಸುಕ್ಕರ್’ ಮೂಲಕ, ನಮ್ಮ ‘ಸಕ್ಕರೆ’ ಪ್ರಾಕೃತದ ಮೂಲಕ, ಎರಡೂ ಸಂಸ್ಕೃತದ ‘ಶರ್ಕರಾ’ದತ್ತ ಸಾಗುತ್ತವೆ. ಧ್ವನಿಸಾಮ್ಯಕ್ಕೂ ವ್ಯುತ್ಪತ್ತಿಗೂ ಇರುವ ಅಂತರಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

ತುಪಿ ಪದವೊಂದು ಪೋರ್ಚುಗೀಸ್ ಮಾತಿನಲ್ಲಿ ನೆಲೆಯೂರಿದ್ದು ಹೇಗೆ? ವಸಾಹತು ಕಾಲದ ಸಾವೊ ಪೌಲೊದಲ್ಲಿ ತುಪಿಮೂಲದ ‘ಲಿಂಗ್ವಾ ಜೆರಾಲ್’ ಅಂದರೆ ‘ಸಾಮಾನ್ಯ ಭಾಷೆ’ ಮನೆಮಾತಾಗಿ ವ್ಯಾಪಕವಾಗಿತ್ತು. 1757ರಲ್ಲಿ ಪೊಂಬಾಲ್‌ನ ಆಡಳಿತವು ಮೂಲನಿವಾಸಿ ಗ್ರಾಮಗಳಲ್ಲಿ ಪೋರ್ಚುಗೀಸನ್ನೇ ಬಳಸಬೇಕೆಂಬ ನಿಯಮ ತಂದು, ಮರುವರ್ಷ ಅದನ್ನು ಬ್ರೆಜಿಲ್‌ಗೆಲ್ಲ ವಿಸ್ತರಿಸಿತು. ಭಾಷೆ ಹಿಂದೆ ಸರಿಯಿತು. ಊರು, ನದಿ, ಗಿಡ, ಜನರ ಹೆಸರುಗಳಲ್ಲಿ ಅದರ ಪದಗಳು ಉಳಿದವು.

ಉಳಿದ ಪದಕ್ಕೆ ನಗರವು ತಿರಸ್ಕಾರದ ಅರ್ಥವನ್ನು ಅಂಟಿಸಿತು. 1914ರಲ್ಲಿ ಮೊಂತೇರೊ ಲೊಬಾತೊ ಸೃಷ್ಟಿಸಿದ ‘ಜೆಕಾ ತಾತು’ ಎಂಬ ಸೋಮಾರಿ ಹಳ್ಳಿಗ ಈ ತಿರಸ್ಕಾರದ ಮೂರ್ತಿಯಾದ. ಹಳ್ಳಿಗನ ನಿಶ್ಶಕ್ತಿಗೆ ಕೊಕ್ಕೆಹುಳುವಿನಂಥ ರೋಗಗಳೇ ಕಾರಣವೆಂದು ಲೊಬಾತೊ 1918ರ ಹೊತ್ತಿಗೆ ಸ್ವತಃ ವಾದಿಸಿದರೂ ಚಿತ್ರ ಅಳಿಯಲಿಲ್ಲ. 1920ರಲ್ಲಿ ಅಮಾದೆವು ಅಮಾರಾಲ್ ಕೈಪಿರಾ ಉಪಭಾಷೆಯನ್ನು ಗ್ರಂಥರೂಪದಲ್ಲಿ ವಿವರಿಸಿದರು. ಅದು ಬೇಗನೆ ಅಳಿಯುವುದೆಂದೂ ಭಾವಿಸಿದ್ದರು. ಆದರೆ ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಅದರ ಮೂರ್ಧನ್ಯ ರೇಫ ಇಂದಿಗೂ ಒಳನಾಡಿನಲ್ಲಿ ಕೇಳಿಬರುತ್ತದೆ. 1964ರಲ್ಲಿ ಆಂತೋನಿಯು ಕಾಂದಿದು ಇದೇ ಜನರ ಆಹಾರ, ದುಡಿಮೆ, ನೆರೆಹೊರೆಯ ಸಹಕಾರಗಳನ್ನು ಕುರಿತ ಅಧ್ಯಯನ ಪ್ರಕಟಿಸಿದರು. ‘ಕೈಪಿರಾ’ ಆಗ ಹೀಗಳಿಕೆಯ ಪದವಾಗಿ ಅಲ್ಲದೆ ಒಂದು ಸಂಸ್ಕೃತಿಯ ಹೆಸರಾಗಿ ಶಾಸ್ತ್ರೀಯ ಚರ್ಚೆಗೆ ಬಂದಿತು.

2003ರ ಸರಕಾರಿ ಆದೇಶವು ಕೈಪಿರಿನ್ಯಾವನ್ನು ಕಶಾಸಾದಿಂದಲೇ ಮಾಡಬೇಕಾದ, ಬ್ರೆಜಿಲ್‌ನ ವಿಶಿಷ್ಟ ಪಾನೀಯವೆಂದು ವ್ಯಾಖ್ಯಾನಿಸಿತು. ಪ್ರಭುತ್ವವೊಂದು ಹಿಂದಕ್ಕೆ ತಳ್ಳಿದ ಭಾಷೆಯ ಪದವನ್ನು ಮತ್ತೊಂದು ಪ್ರಭುತ್ವ ರಾಷ್ಟ್ರದ ಗುರುತಾಗಿ ಕಾಪಾಡಿತು. ಆದರೆ ರಕ್ಷಣೆ ದೊರೆತದ್ದು ಪಾನೀಯಕ್ಕೆ. ಹೆಸರು ಗೌರವ ಪಡೆದ ಮಾತ್ರಕ್ಕೆ ಆ ಹೆಸರಿನ ಜನರ ನುಡಿಗೆ ಗೌರವ ಸಂದಂತಾಗದು. ಭಾಷೆಗಳ ಚರಿತ್ರೆ ಬರೆಯುವವರು ಇವೆರಡನ್ನೂ ಬೇರೆಬೇರೆಯಾಗಿಯೇ ಲೆಕ್ಕ ಹಾಕಬೇಕಾಗುತ್ತದೆ.