ತೊಂಬತ್ತೊಂದರ ಕ್ಯಾಸೆಟ್ಟು



ನಿಮಗೆ ತುಂಬಾ ಇಷ್ಟವಾದ ಹಾಡಿನ ವರ್ಷ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಲೆ ಕೆರೆದುಕೊಳ್ಳುವುದೇ ಇಲ್ಲ. 1991. ಹಾಗಂತ ಅದೇನೂ ಸುಖದ ವರ್ಷವಲ್ಲ. ಜನವರಿಯಲ್ಲಿ ಕೊಲ್ಲಿ ಯುದ್ಧ, ಮೇ 21ಕ್ಕೆ ರಾಜೀವ್ ಗಾಂಧಿ ಹತ್ಯೆ, ಜುಲೈ ಮೊದಲ ವಾರದಲ್ಲೇ ಎರಡು ಸಲ ರೂಪಾಯಿ ಬೆಲೆ ಇಳಿಕೆ, 24ಕ್ಕೆ ಮನಮೋಹನ್ ಸಿಂಗ್ ಬಜೆಟ್. ಅಪ್ಪ ಪೇಪರ್ ಓದಿ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಹದಿನಾರು. ನನ್ನ ಚಿಂತೆಯೇ ಬೇರೆ ಇತ್ತು.

ನಾವಿದ್ದದ್ದು ಕಲ್ಯಾಣದಲ್ಲಿ. ಬೀದರ್ ಜಿಲ್ಲೆಯ ನಮ್ಮ ನೆಂಟರಿಗೆ ಕಲ್ಯಾಣ ಅಂದರೆ ಬಸವಣ್ಣನ ಕಲ್ಯಾಣ. "ಇಷ್ಟ್ ಸಮೀಪ ಇದ್ದೂ ಯಾಕ್ ಬರಂಗಿಲ್ಲೋ ತಮ್ಮಾ?" ಅಂತ ಹೊಸಬರು ಕೇಳುತ್ತಿದ್ದರು. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು, ಸೊಲ್ಲಾಪುರ ದಾಟಿ, ಗುಲಬರ್ಗಾದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರಬೇಕು ಅಂತ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು.

ಮನೆಯಲ್ಲಿ ಒಂದೇ ಟೇಪ್ ರೆಕಾರ್ಡರ್. ಅದರಲ್ಲಿ ಅಪ್ಪನ ಪಾಲಿಗೆ ಸಿ. ಅಶ್ವತ್ಥ್; ಹಿಂದಿನ ವರ್ಷವಷ್ಟೇ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಿತ್ತು, ಆ ಕ್ಯಾಸೆಟ್ಟು ಸವೆಯುವ ತನಕ ತಿರುಗಿತು. ಅಕ್ಕನ ಪಾಲಿಗೆ ಹಂಸಲೇಖ. 1987ರ 'ಪ್ರೇಮಲೋಕ'ದಿಂದ ಹಿಡಿದ ಹುಚ್ಚು ಅದು, 1991ರ 'ರಾಮಾಚಾರಿ' ಬಂದ ಮೇಲೆ ಇನ್ನೂ ಜೋರಾಯಿತು. ಇವರಿಬ್ಬರ ನಡುವೆ ನನಗೆ ಸಿಗುತ್ತಿದ್ದದ್ದು ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆ, ಅದೂ ಸಣ್ಣ ಸದ್ದಿನಲ್ಲಿ.

ಆ ಅರ್ಧ ಗಂಟೆಗೆ ಏನೆಲ್ಲ ಬಂತು ನೋಡಿ. ಆಗಸ್ಟ್ 12ಕ್ಕೆ ಮೆಟಾಲಿಕಾದ ಕಪ್ಪು ಹೊದಿಕೆಯ ಆಲ್ಬಮ್. 27ಕ್ಕೆ ಪರ್ಲ್ ಜ್ಯಾಮ್‌ನ 'ಟೆನ್'. ಸೆಪ್ಟೆಂಬರ್ 17ಕ್ಕೆ ಗನ್ಸ್ ಎನ್ ರೋಸಸ್‌ನ 'ಯೂಸ್ ಯುವರ್ ಇಲ್ಯೂಶನ್', ಒಂದಲ್ಲ ಎರಡು. 24ಕ್ಕೆ ನಿರ್ವಾಣಾದ 'ನೆವರ್‌ಮೈಂಡ್', ಅದೇ ದಿನ ರೆಡ್ ಹಾಟ್ ಚಿಲಿ ಪೆಪರ್ಸ್. ಎಲ್ಲ ಆರು ವಾರದ ಆಸುಪಾಸಿನಲ್ಲಿ! ನವೆಂಬರ್‌ನಲ್ಲಿ ಯೂಟೂ, ಮೈಕೆಲ್ ಜಾಕ್ಸನ್ ಬೇರೆ. ಆದರೆ ಈ ತಾರೀಖುಗಳೆಲ್ಲ ಅಮೆರಿಕದ್ದು. ಕಲ್ಯಾಣಕ್ಕೆ ಅವು ಬಂದು ಮುಟ್ಟಿದ್ದು ತಿಂಗಳುಗಳ ಮೇಲೆ, ಯಾರದೋ ಅಣ್ಣನ ಬ್ಯಾಗಿನಲ್ಲಿ, ಯಾರದೋ ಕೈಬರಹದ ಹೆಸರು ಹೊತ್ತ ನಕಲು ಕ್ಯಾಸೆಟ್ಟಾಗಿ. ಆ ಸೆಪ್ಟೆಂಬರ್‌ನಲ್ಲೇ ಹಾಂಗ್‌ಕಾಂಗ್‌ನ ಸ್ಟಾರ್ ಟೀವಿಯಲ್ಲಿ ಎಂಟೀವಿ ಶುರುವಾಗಿತ್ತು. ಕೇಬಲ್ ಹಾಕಿಸಿದವರ ಮನೆಯಲ್ಲಿ ಚಪ್ಪಲಿ ಬಿಟ್ಟು ಕೂತು ನೋಡುತ್ತಿದ್ದೆವು. ರೇಡಿಯೋದ ಸಹಾಯ ಸಿಕ್ಕಿದ್ದು 1993ರಿಂದ, ಆಕಾಶವಾಣಿ ತನ್ನ ಎಫ್‌ಎಂ ಸಮಯವನ್ನು ಖಾಸಗಿಯವರಿಗೆ ಕೊಟ್ಟ ಮೇಲೆ.

ಕಾಲೇಜು ಸೇರಿದ ಮೇಲೆ ಒಮ್ಮೆ ಧೋಬಿ ತಲಾವ್‌ನ ರಂಗ್ ಭವನಕ್ಕೂ ಹೋದೆ. 1986ರಿಂದ ಅಲ್ಲಿ ನಡೆಯುತ್ತಿದ್ದ ಇಂಡಿಪೆಂಡೆನ್ಸ್ ರಾಕ್‌ನಲ್ಲಿ ನಮ್ಮ ಮುಂಬೈ ಹುಡುಗರೇ ಹಾಡುತ್ತಿದ್ದರು. ರಾಕ್ ಮಷೀನ್ ಅಂತಿದ್ದವರು 1993ರಲ್ಲಿ ಇಂಡಸ್ ಕ್ರೀಡ್ ಆದರು. ಮುಗಿಸಿ ವಿ.ಟಿ.ಗೆ ಓಡಿ ಕೊನೆಯ ಲೋಕಲ್ ಹಿಡಿಯಬೇಕು. ಕಲ್ಯಾಣಕ್ಕೆ ಸುಮಾರು 54 ಕಿಲೋಮೀಟರ್, ಕಿವಿಯಲ್ಲಿ ಠಾಣೆಯ ತನಕ ಡ್ರಮ್ಸು.

ಈಗ ಕ್ಯಾಸೆಟ್ಟಿನ ವಿಷಯ. ಇಂದಿನ ಮಕ್ಕಳಿಗೆ ಇದನ್ನು ಹೇಳಲೇಬೇಕು. ಖಾಲಿ ಕ್ಯಾಸೆಟ್ಟು ಸಿ-60 ಅಂದರೆ ಮಗ್ಗುಲಿಗೆ 30 ನಿಮಿಷ, ಸಿ-90 ಅಂದರೆ 45. ಹಳೆಯ ಎಲ್‌ಪಿ ಆಲ್ಬಮ್ಮುಗಳು 40 ನಿಮಿಷದ ಒಳಗೆ ಮುಗಿಯುತ್ತಿದ್ದವು, ಒಂದು ಮಗ್ಗುಲಿಗೆ ಸರಿಹೋಗುತ್ತಿತ್ತು. ಸೀಡಿ ಬಂದು 70 ನಿಮಿಷಕ್ಕೂ ಮೇಲೆ ಜಾಗ ಸಿಕ್ಕಿದ್ದೇ ತಡ, ಹಾಡುವವರಿಗೆ ಮಾತು ಜಾಸ್ತಿಯಾಯಿತು. ಗನ್ಸ್ ಎನ್ ರೋಸಸ್‌ನ ಒಂದೊಂದೂ 75 ನಿಮಿಷಕ್ಕೆ ಕಡಿಮೆಯಿಲ್ಲ. ಎರಡರಿಂದ ಆರಿಸಿ ಒಂದೇ ಮಾಡಿದ್ದರೆ ಅದು ಆ ವರ್ಷದ ರಾಜನಾಗುತ್ತಿತ್ತು ಅನ್ನುವುದು ನನ್ನ ಹಳೆಯ ಜಗಳ. ಮೆಟಾಲಿಕಾ ಒಂದು ಗಂಟೆ ದಾಟುತ್ತದೆ, 'ಟೆನ್' 53 ನಿಮಿಷ. 'ನೆವರ್‌ಮೈಂಡ್' ಮಾತ್ರ 42 ನಿಮಿಷ ಚಿಲ್ಲರೆ. ಸಿ-90ರ ಒಂದು ಮಗ್ಗುಲಿಗೆ ಹೇಳಿ ಮಾಡಿಸಿದಂತೆ.

1992ರ ಮೇ ತಿಂಗಳ ರಜೆ. ಅದಾಗಲೇ ಜನವರಿಯಲ್ಲಿ 'ನೆವರ್‌ಮೈಂಡ್' ಮೈಕೆಲ್ ಜಾಕ್ಸನ್‌ನ 'ಡೇಂಜರಸ್' ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಡೊಂಬಿವಲಿಯ ಗೆಳೆಯನ ಮನೆಗೆ ಅದರ ಕ್ಯಾಸೆಟ್ಟು ಬಂದಿದೆ, ಸಂಜೆಗೆ ವಾಪಸು ಹೋಗುತ್ತದೆ ಅಂತ ಸುದ್ದಿ. ಅವನ ಹತ್ತಿರ ಎರಡು ಕ್ಯಾಸೆಟ್ಟಿನ ಡೆಕ್ ಇತ್ತು. ನನ್ನ ಹತ್ತಿರ ಖಾಲಿ ಕ್ಯಾಸೆಟ್ಟೂ ಇಲ್ಲ, ದುಡ್ಡೂ ಇಲ್ಲ. ಅಪ್ಪನ ಡ್ರಾಯರಿನಲ್ಲಿ ಹೆಸರಿಲ್ಲದ ಒಂದು ಸಿ-90 ಸಿಕ್ಕಿತು. ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿತ್ತು. ಹಾಗೆ ಮುರಿದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಆ ತೂತಿಗೆ ಸೆಲೋಟೇಪ್ ಅಂಟಿಸಿದರೆ ಆಗುತ್ತದೆ ಅನ್ನುವುದು ಎಲ್ಲ ಹುಡುಗರಿಗೂ ಗೊತ್ತಿದ್ದ ವಿದ್ಯೆ. ಅಂಟಿಸಿದೆ.

ಅದರಲ್ಲಿ ಇದ್ದದ್ದು ಆಯಿ, ಅಪ್ಪನ ತಾಯಿ. ಒಂದು ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಆಕೆಯನ್ನು ಬೀಸುಕಲ್ಲಿನ ಮುಂದೆ ಕೂಡಿಸಿ ಪದ ಹಾಡಿಸಿದ್ದರಂತೆ. ನಡುನಡುವೆ ಮಾತು, ಕೆಮ್ಮು, ಹೊರಗೆ ಎಮ್ಮೆ. ಆ ಹೊತ್ತಿಗೆ ಆಯಿ ತೀರಿಕೊಂಡು ಎರಡು ವರ್ಷವಾಗಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಒಂದೆರಡು ಹಾಡು ನಿಂತುಕೊಂಡೇ ಕೇಳಿದರು, "ಇನ್ನೊಂದು ಮಗ್ಗಲ ಐತಲ್ಲ, ಇರಲಿ ಬಿಡು" ಅಂದು ಸ್ನಾನಕ್ಕೆ ಹೋದರು. ಆ ಇನ್ನೊಂದು ಮಗ್ಗುಲಲ್ಲಿ ಬರೀ ಮಾತು, ಹಾಡು ಕಡಿಮೆ.

2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದವನ್ನು ಗಿಟಾರು, ಡ್ರಮ್ಸಿನ ಜೊತೆ ಹಾಡಿದಾಗ ಅಪ್ಪನಿಗೆ ಕೇಳಿಸಿದೆ. ಅಶ್ವತ್ಥರ ಮುಂದೆ ಇದೇನು ಅಂತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿ, ಇನ್ನೊಮ್ಮೆ ಹಾಕು ಅಂದರು.

'ನೆವರ್‌ಮೈಂಡ್' ಸೀಡಿಯಲ್ಲಿ ಕೊನೆಯ ಹಾಡಾದ ಮೇಲೆ ಸುಮಾರು ಹತ್ತು ನಿಮಿಷ ಮೌನ, ಆಮೇಲೆ ಬಚ್ಚಿಟ್ಟ ಇನ್ನೊಂದು ಹಾಡು. ಮೊದಲು ಅಚ್ಚಾದ ಸೀಡಿಗಳಲ್ಲಿ ಅದು ತಪ್ಪಿನಿಂದ ಬಿಟ್ಟುಹೋಗಿತ್ತು. ನನಗೆ ಸಿಕ್ಕ ಕ್ಯಾಸೆಟ್ಟಿನಲ್ಲೂ ಅದಿರಲಿಲ್ಲ. ಇದ್ದಿದ್ದರೆ ಆ ಮೌನವೂ ರೆಕಾರ್ಡ್ ಆಗಿ ಮಗ್ಗುಲು ಪೂರ್ತಿ ಅಳಿಸಿಹೋಗುತ್ತಿತ್ತು. ಕೊನೆಯ ಹಾಡು ಮುಗಿದದ್ದೇ ಗೆಳೆಯ ಬಟನ್ ಒತ್ತಿ ನಿಲ್ಲಿಸಿದ್ದ. ಆ ಕ್ಯಾಸೆಟ್ಟು ಇನ್ನೂ ನನ್ನ ಹತ್ತಿರ ಇದೆ. ಚೆಲ್ಲೋ ಸದ್ದು ಕರಗುತ್ತದೆ, ಕಟ್ ಅಂತ ಒಂದು ಶಬ್ದ, ಮತ್ತೆ ಬೀಸುಕಲ್ಲು. ಆಯಿ ಎರಡು ನಿಮಿಷ ಹಾಡುತ್ತಾಳೆ. ಪದದ ನಡುವೆಯೇ ಟೇಪು ಮುಗಿಯುತ್ತದೆ.